‘ಪುಟ್ ಅಪ್ ವಿತ್’: ಒಂದು ಇಂಗ್ಲಿಷ್ ನುಡಿಗಟ್ಟಿನ ಅರ್ಥಚರಿತ್ರೆ

೧

ಇಂಗ್ಲಿಷಿನ ದೊಡ್ಡ ಪದಗಳು ನಮ್ಮ ವಿದ್ಯಾರ್ಥಿಗಳನ್ನು ಅಷ್ಟಾಗಿ ಕಾಡುವುದಿಲ್ಲ. ‘ಟಾಲರೇಟ್’, ‘ಎಂಡ್ಯೂರ್’ ಮೊದಲಾದವನ್ನು ನಿಘಂಟಿನಲ್ಲಿ ಒಮ್ಮೆ ನೋಡಿ ನೆನಪಿನಲ್ಲಿಟ್ಟುಕೊಂಡರೆ ಅವು ಬಹುಮಟ್ಟಿಗೆ ಹೇಳಿದಂತೆ ಕೇಳುತ್ತವೆ. ಅವರನ್ನು ನಿಜವಾಗಿ ಕಂಗೆಡಿಸುವುದು ‘ಪುಟ್’, ‘ಗೆಟ್’, ‘ಮೇಕ್’, ‘ಟೇಕ್’ ಎಂಬ ಚಿಕ್ಕ ಚಿಕ್ಕ ಕ್ರಿಯಾಪದಗಳು ‘ಅಪ್’, ‘ಔಟ್’, ‘ಆಫ್’, ‘ಇನ್’ ಎಂಬ ಇನ್ನೂ ಚಿಕ್ಕ ಅವ್ಯಯಗಳೊಡನೆ ಕೂಡಿದಾಗ ತಳೆಯುವ ಅರ್ಥವೈಚಿತ್ರ್ಯ. ಈ ಕಷ್ಟ ನಮ್ಮವರಿಗೆ ಮಾತ್ರ ತೋರಿದ್ದಲ್ಲ. ಡಾಕ್ಟರ್ ಜಾನ್ಸನ್ ೧೭೫೫ರಲ್ಲಿ ಪ್ರಕಟಿಸಿದ ತನ್ನ ಮಹಾನಿಘಂಟಿನ ಪೀಠಿಕೆಯಲ್ಲಿಯೇ ಈ ಬಗೆಯ ಸಂಯೋಗಗಳು ಇಂಗ್ಲಿಷಿನಲ್ಲಿ ಇತರ ಭಾಷೆಗಳಿಗಿಂತ ಹೆಚ್ಚಾಗಿವೆಯೆಂದೂ, ಪರದೇಶೀಯರಿಗೆ ಅತ್ಯಂತ ದುಸ್ತರವಾದ ಭಾಗವೇ ಇದೆಂದೂ ಗುರುತಿಸಿ, ಅವುಗಳನ್ನು ವಿಶೇಷ ಎಚ್ಚರದಿಂದ ಸಂಗ್ರಹಿಸಿರುವುದಾಗಿ ಹೇಳಿಕೊಂಡಿದ್ದಾನೆ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ರೂಢಿಗೆ ಬಂದದ್ದು ಬಹಳ ತಡವಾಗಿ. ಲೋಗನ್ ಪಿಯರ್ಸಾಲ್ ಸ್ಮಿತ್ ೧೯೨೫ರಲ್ಲಿ ಪ್ರಕಟವಾದ ತನ್ನ ನುಡಿಗಟ್ಟುಗಳ ಗ್ರಂಥದಲ್ಲಿ ಇದನ್ನು ಬಳಸಿ, ಈ ಹೆಸರನ್ನು ಸೂಚಿಸಿದವನು ನಿಘಂಟುಕಾರ ಹೆನ್ರಿ ಬ್ರಾಡ್ಲಿ ಎಂದು ಸ್ಮರಿಸಿದ್ದಾನೆ. ನಾವು ಇದನ್ನು ‘ಪದಪುಂಜಕ್ರಿಯೆ’ ಎಂದು ಕರೆಯಬಹುದು.

ಪ್ರಕೃತ ಲೇಖನದಲ್ಲಿ ಇಂತಹ ಒಂದೇ ಒಂದು ಪದಪುಂಜವನ್ನು, ಎಂದರೆ ‘ಪುಟ್ ಅಪ್ ವಿತ್’ ಎಂಬುದನ್ನು, ಅದರ ಪೂರ್ವರೂಪವಾದ ‘ಪುಟ್ ಅಪ್’ನೊಡನೆ ಪರಾಮರ್ಶಿಸಲು ಉದ್ದೇಶಿಸಲಾಗಿದೆ. ‘ಪುಟ್ ಅಪ್ ವಿತ್ ಎಂದರೆ ಸಹಿಸು’ ಎಂದು ನಮ್ಮ ತರಗತಿಗಳಲ್ಲಿ ಹೇಳಿಕೊಡುತ್ತೇವೆ. ಇಂದಿನ ಇಂಗ್ಲಿಷಿಗೆ ಈ ವಿವರಣೆ ಸಾಕು. ಆದರೆ ಇದೇ ವಿವರಣೆಯನ್ನು ಕೈಯಲ್ಲಿ ಹಿಡಿದುಕೊಂಡು ಷೇಕ್ಸ್‌ಪಿಯರನ ನಾಟಕಗಳನ್ನು ಓದಹೊರಟರೆ ಕೆಲವು ಸಂದರ್ಭಗಳಲ್ಲಿ ಪಾತ್ರದ ಶೀಲವೇ ನಮಗೆ ತಪ್ಪಾಗಿ ಕಾಣುತ್ತದೆ. ಬೈಗುಳವನ್ನು ಉಪದೇಶವೆಂದೂ, ಸಂಚನ್ನು ಕ್ಷಮೆಯೆಂದೂ ಭ್ರಮಿಸುವ ಅಪಾಯವಿದೆ. ಆದುದರಿಂದ ಈ ಪದಪುಂಜದ ಇತಿಹಾಸವು ಕೇವಲ ಶಬ್ದಕುತೂಹಲದ ವಿಷಯವಾಗಿರದೆ ಸಾಹಿತ್ಯದ ಅರ್ಥನಿರ್ಣಯಕ್ಕೂ ಭಾಷಾಂತರಕ್ಕೂ ಸಂಬಂಧಿಸಿದೆ.

೨

ಮೊದಲು ಅವಯವಗಳನ್ನು ಬಿಡಿಸಿ ನೋಡೋಣ. ‘ಪುಟ್’ ಎಂಬ ಧಾತುವಿನ ಮೂಲಾರ್ಥ ‘ಇಡು’ ಎಂಬುದಾಗಿರಲಿಲ್ಲ; ‘ನೂಕು, ತಳ್ಳು, ತಿವಿ’ ಎಂಬುದಾಗಿತ್ತು. ಆಟದ ಮೈದಾನದಲ್ಲಿ ಗುಂಡನ್ನು ಭುಜದ ಬಳಿಯಿಂದ ನೂಕುವ ‘ಶಾಟ್ ಪುಟ್’ ಎಂಬ ಹೆಸರಿನಲ್ಲಿಯೂ, ಗಾಲ್ಫ್ ಆಟದಲ್ಲಿ ಚೆಂಡನ್ನು ಕುಳಿಯ ಕಡೆಗೆ ಮೆಲ್ಲನೆ ತಳ್ಳುವುದಕ್ಕಿರುವ ಹೆಸರಿನಲ್ಲಿಯೂ ಈ ಹಳೆಯ ಅರ್ಥ ಉಳಿದುಬಂದಿದೆ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಈ ಅರ್ಥ ಸಡಿಲಗೊಂಡು, ಒಂದು ವಸ್ತುವನ್ನು ಒಂದು ಸ್ಥಳಕ್ಕೆ ಸೇರಿಸುವ ಯಾವುದೇ ಕ್ರಿಯೆಗೆ ಸಲ್ಲತೊಡಗಿತು. ‘ಅಪ್’ ಎಂಬುದು ‘ಮೇಲಕ್ಕೆ’ ಎಂಬ ದಿಕ್ಕನ್ನು ಸೂಚಿಸುವ ಹಳೆಯ ಅವ್ಯಯ. ಅದು ಕ್ರಿಯಾಪದದ ಹಿಂದೆ ಸೇರಿದಾಗ ದಿಕ್ಕನ್ನು ಬಿಟ್ಟು ‘ಪೂರ್ತಿಯಾಗಿ’, ‘ಮುಗಿಯುವಂತೆ’ ಎಂಬ ಭಾವವನ್ನು ಕೊಡುವುದುಂಟು.

ಪ್ರಾಚೀನ ಇಂಗ್ಲಿಷಿನಲ್ಲಿ ಕ್ರಿಯಾಪದದ ಅರ್ಥವನ್ನು ಮಾರ್ಪಡಿಸುತ್ತಿದ್ದುದು ಬಹುಮಟ್ಟಿಗೆ ಅದರ ಮುಂದೆ ಸೇರುವ ಉಪಸರ್ಗಗಳು. ಸಂಸ್ಕೃತವನ್ನು ಬಲ್ಲವರಿಗೆ ಇದು ಸುಪರಿಚಿತವಾದ ವ್ಯವಸ್ಥೆ. ‘ಹೃ’ ಧಾತುವೊಂದೇ ಆದರೂ ಉಪಸರ್ಗದ ಭೇದದಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ಪರಸ್ಪರ ದೂರವಾದ ಅರ್ಥಗಳು ಹುಟ್ಟುವುದನ್ನು ನಮ್ಮ ವೈಯಾಕರಣರು ಉದಾಹರಿಸುತ್ತಾರೆ. ಇಂಗ್ಲಿಷಿನಲ್ಲಿ ಇಂತಹ ಉಪಸರ್ಗಗಳು ಕಾಲಕ್ರಮದಲ್ಲಿ ಸವೆದುಹೋದುವು. ‘ಫರ್ಗಿವ್’, ‘ವಿತ್‌ಸ್ಟ್ಯಾಂಡ್’ ಮುಂತಾದ ಕೆಲವು ಪದಗಳಲ್ಲಿ ಮಾತ್ರ ಅವು ನಿಂತಿವೆ. ಅವುಗಳ ಕೆಲಸವನ್ನು ಕ್ರಿಯಾಪದದ ಹಿಂದೆ ಬಂದು ನಿಲ್ಲುವ ಸ್ವತಂತ್ರ ಅವ್ಯಯಗಳು ವಹಿಸಿಕೊಂಡುವು. ೧೨ನೆಯ ಶತಮಾನದ ಪೀಟರ್‌ಬರೋ ವೃತ್ತಾಂತದಲ್ಲಿ ಈ ಹೊಸ ಪದ್ಧತಿ ಆಗಲೇ ತಲೆಯೆತ್ತಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಸ್ಥಾನವು ಹಿಂದುಮುಂದಾದರೂ ತತ್ತ್ವ ಒಂದೇ: ಧಾತು ತನ್ನ ಮನೆಯನ್ನು ಬಿಟ್ಟು ಅವ್ಯಯ ಎಳೆದ ಕಡೆಗೆ ಹೋಗುತ್ತದೆ.

ಕನ್ನಡಕ್ಕೂ ತನ್ನದೇ ಆದ ಒಂದು ಸಾಧನವಿದೆ. ‘ಬರೆ’ ಎಂಬುದು ‘ಬರೆದಿಡು’, ‘ಬರೆದುಕೊಡು’, ‘ಬರೆದುಕೊಳ್ಳು’, ‘ಬರೆದುಹಾಕು’ ಎಂದಾಗ ನಾವು ಅವ್ಯಯವನ್ನಲ್ಲದೆ ಎರಡನೆಯ ಕ್ರಿಯಾಪದವನ್ನೇ ಈ ಕೆಲಸಕ್ಕೆ ಹಚ್ಚುತ್ತೇವೆ. ಹಳೆಯ ‘ಪುಟ್ ಅಪ್’ ಎಂಬುದಕ್ಕೆ ಅಕ್ಷರಶಃ ಹೊಂದುವ ಕನ್ನಡದ ಮಾತು ‘ಎತ್ತಿಡು’. ಹಬ್ಬ ಮುಗಿದ ಮೇಲೆ ಬೆಳ್ಳಿಯ ಪಾತ್ರೆಗಳನ್ನು ಎತ್ತಿಡುತ್ತೇವೆ. ಆಗ ಕೈ ಮೇಲಕ್ಕೆ ಹೋಗಲೇಬೇಕೆಂಬ ನಿಯಮವಿಲ್ಲ. ಬಳಕೆಯಿಂದ ತೆಗೆದು, ಸುರಕ್ಷಿತವಾದ ಮುಚ್ಚಿದ ಜಾಗಕ್ಕೆ ಸೇರಿಸುವುದೇ ಅದರ ತಾತ್ಪರ್ಯ. ‘ಪುಟ್ ಅಪ್’ ಎಂಬುದರ ಅನೇಕ ಅರ್ಥಗಳಿಗೆ ಇದೇ ಬೀಜ. ಹಣ್ಣನ್ನು ಸಕ್ಕರೆಪಾಕದಲ್ಲಿ ಹಾಕಿ ಶೇಖರಿಸುವುದು, ಪ್ರಯಾಣಿಕನು ತನ್ನ ಕುದುರೆಯನ್ನು ಲಾಯಕ್ಕೆ ಸೇರಿಸುವುದು, ಯೋಧನು ಕತ್ತಿಯನ್ನು ಒರೆಗೆ ಸೇರಿಸುವುದು ಇವೆಲ್ಲವೂ ‘ಪುಟ್ ಅಪ್’.

೩

ಅವಮಾನವನ್ನು, ಅನ್ಯಾಯವನ್ನು ‘ಪುಟ್ ಅಪ್’ ಮಾಡುವುದೆಂಬ ಪ್ರಯೋಗ ೧೬ನೆಯ ಶತಮಾನದ ಉತ್ತರಾರ್ಧದಲ್ಲಿ, ೧೫೭೦ರ ದಶಕದಿಂದ, ಕಾಣಬರುತ್ತದೆ. ಆಗ ಅದಕ್ಕೆ ‘ವಿತ್’ ಎಂಬ ಬಾಲವಿರಲಿಲ್ಲ. ಅವಮಾನವೇ ಕ್ರಿಯಾಪದದ ನೇರ ಕರ್ಮವಾಗಿತ್ತು. ಅವಮಾನವೇನು ಎತ್ತಿಡಬಹುದಾದ ವಸ್ತುವೆ? ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಮುಖ್ಯಾರ್ಥಕ್ಕೆ ಬಾಧೆಯುಂಟಾಗಿ ಲಕ್ಷಣೆಯು ಪ್ರವೃತ್ತವಾಗಿದೆ. ಹಾಗಾದರೆ ಆ ಲಕ್ಷಣೆಯ ಹಿಂದಿರುವ ಚಿತ್ರ ಯಾವುದು? ಇದಕ್ಕೆ ಎರಡು ಉತ್ತರಗಳು ಸಾಧ್ಯ.

ಮೊದಲನೆಯದು ಕತ್ತಿಯ ಚಿತ್ರ. ಅಪಮಾನಿತನಾದ ಕುಲೀನನು ಕತ್ತಿಯನ್ನು ಹಿರಿಯಬೇಕು. ಹಿರಿದ ಕತ್ತಿಯನ್ನು ಮತ್ತೆ ಒರೆಗೆ ಸೇರಿಸಿದರೆ ಅಪಮಾನವನ್ನು ಪ್ರತೀಕಾರವಿಲ್ಲದೆ ಬಿಟ್ಟಂತೆ. ಷೇಕ್ಸ್‌ಪಿಯರನ ಕಾಲದಲ್ಲಿ ‘ಪುಟ್ ಅಪ್’ ಎಂದೊಡನೆ ಪ್ರೇಕ್ಷಕನ ಕಣ್ಣಿಗೆ ಕತ್ತಿ ಕಟ್ಟುತ್ತಿದ್ದುದರಲ್ಲಿ ಸಂದೇಹವಿಲ್ಲ. ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಪ್ರಾರಂಭದ ಬೀದಿಜಗಳದಲ್ಲಿ ಬೆನ್ವೋಲಿಯೋ ಸೇವಕರಿಗೆ ಕೊಡುವ ಆಜ್ಞೆಯೂ, ‘ಟೆಂಪೆಸ್ಟ್’ನಲ್ಲಿ ಪ್ರಾಸ್ಪೆರೋ ಫರ್ಡಿನೆಂಡನಿಗೆ ಕೊಡುವ ಆಜ್ಞೆಯೂ ಇದೇ ಮಾತಿನಲ್ಲಿವೆ. ೧೬೧೧ರ ಇಂಗ್ಲಿಷ್ ಬೈಬಲ್ಲಿನಲ್ಲಿ ಯೇಸುವನ್ನು ಬಂಧಿಸಲು ಬಂದ ರಾತ್ರಿ ಪೇತ್ರನು ಬೀಸಿದ ಕತ್ತಿಯನ್ನು ಒರೆಗೆ ಹಿಂದಿರುಗಿಸೆಂದು ಹೇಳುವಲ್ಲಿಯೂ ಇದೇ ಪದಪುಂಜವಿದೆ. ‘ಟೈಟಸ್ ಆಂಡ್ರಾನಿಕಸ್’ ನಾಟಕದ ಎರಡನೆಯ ಅಂಕದಲ್ಲಂತೂ ಜಗಳವಾಡುವ ಸೋದರರಿಗೆ ಏರನ್ ‘ಪುಟ್ ಅಪ್’ ಎಂದಷ್ಟೇ ಹೇಳುತ್ತಾನೆ. ಕರ್ಮಪದವಿಲ್ಲದಿದ್ದರೂ ಕತ್ತಿಯೆಂಬುದು ತಾನಾಗಿ ಹೊಳೆಯುತ್ತದೆ.

ಎರಡನೆಯದು ಜೇಬಿನ ಚಿತ್ರ. ಕೊಟ್ಟದ್ದನ್ನು ಬಾಯಿಮುಚ್ಚಿ ಜೇಬಿಗಿಳಿಸುವಂತೆ, ಸಿಕ್ಕಿದ ಅವಮಾನವನ್ನು ಮರುಮಾತಿಲ್ಲದೆ ಒಳಗೆ ಸೇರಿಸಿಕೊಳ್ಳುವುದು. ಇದಕ್ಕೆ ಬಲವಾದ ಸಾಕ್ಷ್ಯವೆಂದರೆ, ಅದೇ ಕಾಲದಲ್ಲಿ, ಅದೇ ಬಗೆಯ ಕರ್ಮಪದಗಳೊಡನೆ, ‘ಪಾಕೆಟ್ ಅಪ್’ ಎಂಬ ಸೋದರಪ್ರಯೋಗವೂ ಬಳಕೆಯಲ್ಲಿದ್ದುದು. ಷೇಕ್ಸ್‌ಪಿಯರನು ಇದನ್ನು ಕನಿಷ್ಠ ಮೂರು ಐತಿಹಾಸಿಕ ನಾಟಕಗಳಲ್ಲಿ ಬಳಸಿದ್ದಾನೆ. ಮೂರು ಕಡೆಯೂ ಅದರ ವಾಚ್ಯಾರ್ಥವನ್ನು ಕೆದಕಿ ಹಾಸ್ಯವನ್ನು ಹುಟ್ಟಿಸಿದ್ದಾನೆ. ‘ಕಿಂಗ್ ಜಾನ್’ ನಾಟಕದಲ್ಲಿ ಆಸ್ಟ್ರಿಯದ ದೊರೆ ಫಾಕನ್‌ಬ್ರಿಜ್‌ನ ಚುಚ್ಚುಮಾತುಗಳನ್ನು ತಾನು ಈಗ ಜೇಬಿಗಿಳಿಸಬೇಕಾಗಿದೆ ಎಂದು ಗೊಣಗಿದರೆ, ಆತನು ಅವನ್ನು ಹೊರಲು ದೊರೆಯ ಷರಾಯಿಯೇ ತಕ್ಕದ್ದೆಂದು ಅಣಕಿಸುತ್ತಾನೆ. ‘ನಾಲ್ಕನೆಯ ಹೆನ್ರಿ’ಯ ಮೊದಲ ಭಾಗದಲ್ಲಿ ಫಾಲ್‌ಸ್ಟಾಫ್ ತನ್ನ ಜೇಬು ಕಳುವಾಯಿತೆಂದು ಗದ್ದಲವೆಬ್ಬಿಸುತ್ತಾನೆ, ಅದರಲ್ಲಿ ಹೆಂಡದಂಗಡಿಯ ಲೆಕ್ಕದ ಚೀಟಿಗಳಲ್ಲದೆ ಮತ್ತೇನೂ ಇರಲಿಲ್ಲವೆಂದು ಬಲ್ಲ ರಾಜಕುಮಾರ, ಇಂತಹ ಜೇಬಿನವನು ಅನ್ಯಾಯವನ್ನು ಮಾತ್ರ ಜೇಬಿಗಿಳಿಸಲಾರನೆಂದು ಹಂಗಿಸುತ್ತಾನೆ. ‘ಐದನೆಯ ಹೆನ್ರಿ’ಯಲ್ಲಿ ನಿಮ್ ಮತ್ತು ಬಾರ್ಡಾಲ್ಫರ ಜೊತೆಗಿರುವ ಹುಡುಗ, ಇನ್ನೊಬ್ಬರ ಜೇಬಿನಿಂದ ಕದ್ದು ತನ್ನ ಜೇಬಿಗೆ ಹಾಕಿಕೊಳ್ಳುವ ವಿದ್ಯೆ ಅನ್ಯಾಯವನ್ನು ಜೇಬಿಗಿಳಿಸಿದಂತೆಯೇ ಸರಿ, ಅದು ಗಂಡಸುತನಕ್ಕೆ ಕುಂದು ಎಂದು ಶ್ಲೇಷೆಯಾಡುತ್ತಾನೆ.

ಈ ಎರಡರಲ್ಲಿ ಯಾವುದನ್ನು ಮೂಲವೆಂದು ಹಿಡಿಯಬೇಕು? ಕತ್ತಿಯ ಪಕ್ಷಕ್ಕೆ ಒಂದು ವ್ಯಾಕರಣದ ಅಡ್ಡಿಯಿದೆ. ಕತ್ತಿಯ ಚಿತ್ರವೇ ಮೂಲವಾಗಿದ್ದರೆ ಒರೆಗೆ ಸೇರುವುದು ಕತ್ತಿಯಾಗಬೇಕು, ಅವಮಾನವಲ್ಲ. ಆದರೆ ಪ್ರಯೋಗಗಳಲ್ಲಿ ಒಳಗೆ ಸೇರುವುದು ಅವಮಾನವೇ. ಜೇಬಿನ ಚಿತ್ರದಲ್ಲಿ ಈ ಅಡ್ಡಿಯಿಲ್ಲ. ಅಲ್ಲಿ ಕರ್ಮಪದವು ನೇರವಾಗಿ ಹೊಂದುತ್ತದೆ, ‘ಪಾಕೆಟ್ ಅಪ್’ನ ಸಾಕ್ಷ್ಯವೂ ಒದಗುತ್ತದೆ. ಆದಕಾರಣ ಜೇಬಿನ ಅಥವಾ ಚೀಲದ ಚಿತ್ರವೇ ಮೂಲವೆಂದೂ, ಕತ್ತಿಯ ಚಿತ್ರವು ಅದಕ್ಕೆ ಸಹಚರವಾಗಿ ನಿಂತು ಬಣ್ಣ ಕೊಟ್ಟಿತೆಂದೂ ತೀರ್ಮಾನಿಸುವುದು ಯುಕ್ತವಾಗಿ ತೋರುತ್ತದೆ. ಆ ಬಣ್ಣವೇನೂ ಅಲ್ಪವಾದುದಲ್ಲ. ಒಂದೇ ಮಾತು ಕತ್ತಿಗೂ ಅವಮಾನಕ್ಕೂ ಸಲ್ಲುತ್ತಿದ್ದ ಕಾಲದಲ್ಲಿ, ಅವಮಾನವನ್ನು ಒಳಗಿಟ್ಟುಕೊಂಡವನು ಕತ್ತಿಯನ್ನೂ ಒಳಗಿಟ್ಟವನೆಂಬ ಧ್ವನಿ ಕೇಳುವವನ ಕಿವಿಗೆ ಬೀಳದೆ ಇರುತ್ತಿರಲಿಲ್ಲ.

೪

ಈ ಧ್ವನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ಸನ್ನಿವೇಶಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲನೆಯದು ‘ಟೈಟಸ್ ಆಂಡ್ರಾನಿಕಸ್’ನ ಮೊದಲನೆಯ ಅಂಕ. ಚಕ್ರವರ್ತಿ ಸ್ಯಾಟರ್ನೈನಸ್ ತುಂಬಿದ ಸಭೆಯಲ್ಲಿ ಅಪಮಾನಿತನಾಗಿದ್ದಾನೆ. ಅವನ ನೂತನ ಪತ್ನಿ ಟಮೋರಾ ಎಲ್ಲರ ಎದುರಿನಲ್ಲಿ ಟೈಟಸ್ ಮೊದಲಾದವರನ್ನು ಕ್ಷಮಿಸಬೇಕೆಂದು ಬೇಡುತ್ತಾಳೆ. ಬಹಿರಂಗವಾಗಿ ಆದ ಮಾನಹಾನಿಯನ್ನು ಪ್ರತೀಕಾರವಿಲ್ಲದೆ ಹೇಡಿಯಂತೆ ‘ಪುಟ್ ಅಪ್’ ಮಾಡಬೇಕೇ ಎಂದು ಅವನು ಕೆರಳಿ ಕೇಳುತ್ತಾನೆ. ಇಲ್ಲಿ ನಮ್ಮ ವಿದ್ಯಾರ್ಥಿಯು ‘ಸಹಿಸಬೇಕೇ’ ಎಂದು ಅರ್ಥಮಾಡಿದರೆ ವಾಕ್ಯವೇನೋ ಕೂಡುತ್ತದೆ. ಮುಂದೆ ನಡೆಯುವುದರ ಸೊಗಸು ಮಾತ್ರ ಕೈತಪ್ಪಿಹೋಗುತ್ತದೆ. ಟಮೋರಾ ಅವನಿಗೆ ಮಾತ್ರ ಕೇಳುವಂತೆ ಹೇಳುವುದೇನು? ಸಿಂಹಾಸನವಿನ್ನೂ ಹೊಸದು, ಈಗ ಕೋಪವನ್ನು ಮರೆಮಾಚು, ಇವರೆಲ್ಲರನ್ನೂ ನಿರ್ನಾಮಗೊಳಿಸುವ ದಿನವನ್ನು ನಾನು ನೋಡಿಕೊಳ್ಳುತ್ತೇನೆ ಎಂಬುದೇ ಅವಳ ಉಪದೇಶದ ಸಾರ. ಅವಮಾನವನ್ನು ಎತ್ತಿಡುವುದೆಂದರೆ ಅದನ್ನು ಕಳೆದುಬಿಡುವುದಲ್ಲ; ಎತ್ತಿಟ್ಟ ವಸ್ತುವನ್ನು ಬೇಕಾದಾಗ ಮತ್ತೆ ತೆಗೆಯಬಹುದು. ಚಕ್ರವರ್ತಿಗೆ ‘ಪುಟ್ ಅಪ್’ ಎಂಬುದರಲ್ಲಿ ಹೇಡಿತನ ಮಾತ್ರ ಕಂಡಿತು. ಟಮೋರಾಳಿಗೆ ಅದರಲ್ಲಿ ಉಗ್ರಾಣ ಕಂಡಿತು. ನಾಟಕದ ಮುಂದಿನ ರಕ್ತಪಾತವೆಲ್ಲವೂ ಆ ಉಗ್ರಾಣದಿಂದ ಹೊರಬಂದದ್ದು. ‘ಸಹಿಸು’ ಎಂಬ ಕನ್ನಡ ಪದದಲ್ಲಿ ಈ ಎರಡನೆಯ ಅರ್ಥಕ್ಕೆ ಎಡೆಯೇ ಇಲ್ಲ.

ಎರಡನೆಯದು ‘ಒಥೆಲೋ’ ನಾಟಕದ ನಾಲ್ಕನೆಯ ಅಂಕದ ಎರಡನೆಯ ದೃಶ್ಯ. ಡೆಸ್ಡಿಮೋನಳಿಗೆ ತಲುಪಿಸುವುದಾಗಿ ಹೇಳಿ ಇಯಾಗೋ ತನ್ನಿಂದ ಒಡವೆಗಳನ್ನು ಕಿತ್ತುಕೊಂಡು ಮೋಸಮಾಡಿದನೆಂದು ರಾಡರಿಗೋ ಕಡೆಗೂ ಎಚ್ಚೆತ್ತು ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವನ ಒಂದು ವಾಕ್ಯದಲ್ಲಿ ‘ಎಂಡ್ಯೂರ್’, ‘ಪುಟ್ ಅಪ್’, ‘ಸಫರ್’ ಎಂಬ ಮೂರು ಕ್ರಿಯಾಪದಗಳು ಒಟ್ಟಿಗೆ ಬರುತ್ತವೆ. ನಮ್ಮ ಅರ್ಥಕೋಶಗಳಲ್ಲಿ ಮೂರಕ್ಕೂ ‘ಸಹಿಸು’ ಎಂಬುದೇ ಉತ್ತರ. ಹಾಗಾದರೆ ಷೇಕ್ಸ್‌ಪಿಯರನು ಒಂದೇ ಮಾತನ್ನು ಮೂರು ಸಲ ಹೇಳಿದನೆ? ಹಾಗಲ್ಲ. ‘ಎಂಡ್ಯೂರ್’ ಎಂಬುದು ಮುಂದಿನ ಕಾಲಕ್ಕೆ ಸಂಬಂಧಿಸಿದ್ದು: ಇನ್ನು ತಾಳಲಾರೆ. ‘ಸಫರ್’ ಎಂಬುದು ಕಳೆದುಹೋದ ಕಾಲಕ್ಕೆ ಸಂಬಂಧಿಸಿದ್ದು: ಮೂರ್ಖತನದಿಂದ ಅನುಭವಿಸಿದ್ದಾಯಿತು. ಇವೆರಡರ ನಡುವೆ ನಿಂತ ‘ಪುಟ್ ಅಪ್’ ಲೆಕ್ಕಕ್ಕೆ ಸಂಬಂಧಿಸಿದ್ದು: ಆದ ನಷ್ಟವನ್ನು ಕೇಳದೆ, ಸದ್ದಿಲ್ಲದೆ ಮಡಿಸಿಟ್ಟುಬಿಡಲು ಇನ್ನೂ ಮನಸ್ಸೊಪ್ಪಿಲ್ಲ. ಸಹಿಸುವುದು ಮುಗಿದುಹೋದ ಮೇಲೆಯೂ ‘ಪುಟ್ ಅಪ್’ ಮಾಡುವುದು ಉಳಿದಿರುತ್ತದೆ ಎಂಬುದು ಇದರಿಂದ ಸ್ಪಷ್ಟ. ಸಹನೆ ಮನಸ್ಸಿನ ಸ್ಥಿತಿ. ‘ಪುಟ್ ಅಪ್’ ಎಂಬುದು ಪ್ರತೀಕಾರದ ಹಕ್ಕನ್ನು ಬಿಟ್ಟುಕೊಡುವ ಒಂದು ಕ್ರಿಯೆ. ಒಡವೆ ಕಳೆದುಕೊಂಡವನ ಬಾಯಲ್ಲಿ ಲೆಕ್ಕದ ಈ ಮಾತು ಎಷ್ಟು ಸಹಜವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಎರಡು ಉದಾಹರಣೆಗಳಿಂದ ಒಂದು ಸಾಮಾನ್ಯ ಲಕ್ಷಣ ಹೊರಪಡುತ್ತದೆ. ಆ ಕಾಲದ ‘ಪುಟ್ ಅಪ್’ ಎಂಬುದರಲ್ಲಿ ಮೂರು ಅಂಶಗಳಿರಬೇಕು: ಒಬ್ಬನಿಗೆ ಅನ್ಯಾಯವಾಗಿರಬೇಕು, ಪ್ರತೀಕಾರವು ಅವನಿಂದ ನಿರೀಕ್ಷಿತವಾಗಿರಬೇಕು, ಅವನು ಅದನ್ನು ಕೈಬಿಟ್ಟಿರಬೇಕು ಇಲ್ಲವೆ ಮುಂದೂಡಿರಬೇಕು. ಈ ಎರಡು ಸಂದರ್ಭಗಳಲ್ಲಿಯೂ ಅದು ನಿರಾಕರಣೆಯಲ್ಲಿ ಅಥವಾ ತಿರಸ್ಕಾರದ ಪ್ರಶ್ನೆಯಲ್ಲಿ ಬಂದಿರುವುದು ಗಮನಾರ್ಹ. ತಾನು ‘ಪುಟ್ ಅಪ್’ ಮಾಡಿದೆನೆಂದು ಕುಲೀನನೊಬ್ಬನು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು ಅದಾಗಿರಲಿಲ್ಲ.

೫

ಇನ್ನು ‘ವಿತ್’ ಎಂಬ ಮೂರನೆಯ ಅವಯವ. ಜಾನ್ಸನ್ನನ ೧೭೫೫ರ ನಿಘಂಟಿನಲ್ಲಿ ಎರಡೂ ರೂಪಗಳು ಅಕ್ಕಪಕ್ಕದಲ್ಲಿವೆ. ‘ಪುಟ್ ಅಪ್’ ಎಂಬುದಕ್ಕೆ ಪ್ರತೀಕಾರವಿಲ್ಲದೆ ಬಿಟ್ಟುಬಿಡು ಎಂಬ ಅರ್ಥವನ್ನೂ, ‘ಪುಟ್ ಅಪ್ ವಿತ್’ ಎಂಬುದಕ್ಕೆ ಸಿಟ್ಟುತೋರದೆ ಅನುಭವಿಸು ಎಂಬ ಅರ್ಥವನ್ನೂ ಅವನು ಕೊಡುತ್ತಾನೆ. ಒಂದು ರೂಪದಿಂದ ಇನ್ನೊಂದಕ್ಕೆ ದಾಟುವ ಹೊಸ್ತಿಲಿನಲ್ಲಿ ಭಾಷೆ ನಿಂತಿರುವುದು ಇಲ್ಲಿ ಕಾಣುತ್ತದೆ.

‘ವಿತ್’ ಸೇರಿದ್ದೇಕೆ? ಪ್ರಾಚೀನ ಇಂಗ್ಲಿಷಿನಲ್ಲಿ ಈ ಅವ್ಯಯಕ್ಕೆ ‘ವಿರುದ್ಧವಾಗಿ’ ಎಂಬ ಅರ್ಥವಿತ್ತೆಂಬುದೂ, ‘ವಿತ್‌ಸ್ಟ್ಯಾಂಡ್’ ಎಂಬಲ್ಲಿ ಅದು ಉಳಿದಿದೆಯೆಂಬುದೂ ಪ್ರಸಿದ್ಧ. ಆ ಅರ್ಥವನ್ನು ಇಲ್ಲಿಗೆ ಎಳೆದು, ‘ವಿರೋಧವನ್ನು ಎದುರಿಸಿ ನಿಲ್ಲು’ ಎಂದು ವಿವರಿಸುವುದು ಆಕರ್ಷಕವಾಗಿ ಕಂಡರೂ ಒಪ್ಪತಕ್ಕದ್ದಲ್ಲ. ೧೮ನೆಯ ಶತಮಾನದ ವೇಳೆಗೆ ಆ ಅರ್ಥ ಸ್ವತಂತ್ರ ಪ್ರಯೋಗದಲ್ಲಿ ಬಹುಮಟ್ಟಿಗೆ ನಿಂತುಹೋಗಿತ್ತು. ಅದಕ್ಕಿಂತ ಸಮೀಪದ ಕಾರಣವನ್ನು ‘ಬೇರ್ ವಿತ್’ ಎಂಬ ನೆರೆಯ ಪ್ರಯೋಗದಲ್ಲಿ ಹುಡುಕಬಹುದು. ಒಬ್ಬರ ಕುಂದನ್ನು ತಾಳಿಕೊಳ್ಳು ಎಂಬ ಅರ್ಥದಲ್ಲಿ ಅದು ಷೇಕ್ಸ್‌ಪಿಯರನಲ್ಲಿಯೂ ಬೈಬಲ್ಲಿನಲ್ಲಿಯೂ ಬಳಕೆಯಾಗಿದೆ. ‘ಪುಟ್ ಅಪ್’ ಎಂಬುದು ಶೇಖರಿಸು, ಬಚ್ಚಿಡು, ಹರಾಜಿಗಿಡು, ಬೇಟೆಯ ಹಕ್ಕಿಯನ್ನು ಪೊದೆಯಿಂದ ಎಬ್ಬಿಸು ಮುಂತಾದ ಹತ್ತು ಅರ್ಥಗಳ ಭಾರದಿಂದ ಬಳಲುತ್ತಿದ್ದಾಗ, ಸಹನೆಯ ಅರ್ಥವನ್ನು ಉಳಿದವುಗಳಿಂದ ಬೇರ್ಪಡಿಸಲು ‘ಬೇರ್ ವಿತ್’ನ ಮಾದರಿಯಲ್ಲಿ ‘ವಿತ್’ ಒಂದು ಗುರುತಿನಂತೆ ಅಂಟಿಕೊಂಡಿತೆಂದು ಊಹಿಸುವುದು ಅಸಂಗತವಾಗಲಾರದು.

ಈ ಚಿಕ್ಕ ಗುರುತು ಅರ್ಥದಲ್ಲಿ ದೊಡ್ಡ ಬದಲಾವಣೆಗೆ ದಾರಿಮಾಡಿತು. ನೇರ ಕರ್ಮವಿದ್ದಾಗ ಅವಮಾನವು ಒಳಗೆ ಸೇರುವ ವಸ್ತುವಾಗಿತ್ತು, ಚಿತ್ರ ಕಣ್ಣಮುಂದಿತ್ತು. ‘ವಿತ್’ ನಡುವೆ ಬಂದೊಡನೆ ಆ ಚಿತ್ರ ಒಡೆಯಿತು. ಒಳಗೆ ಸೇರುವ ವಸ್ತುವೇ ಇಲ್ಲದ ಮೇಲೆ, ಒಳಗೆ ಸೇರಿಸಲಾಗದವುಗಳಿಗೂ ಈ ಮಾತು ಸಲ್ಲತೊಡಗಿತು. ಮೊದಲು ಅವಮಾನ ಮತ್ತು ಅನ್ಯಾಯ; ಅನಂತರ ಅನನುಕೂಲತೆ, ಕೆಟ್ಟ ಊಟ, ಗದ್ದಲ, ಹವೆ; ಕಡೆಗೆ ಮನುಷ್ಯರು. ಇಂದು ಮಳೆಯನ್ನು ‘ಪುಟ್ ಅಪ್ ವಿತ್’ ಮಾಡುತ್ತೇವೆಂದು ಇಂಗ್ಲಿಷರು ಹೇಳುತ್ತಾರೆ. ಮಳೆಯ ಮೇಲೆ ಯಾರೂ ಸೇಡು ತೀರಿಸಿಕೊಳ್ಳಲಾರರು. ಹೀಗೆ ಪ್ರತೀಕಾರವೆಂಬ ಅಂಶ ಸಂಪೂರ್ಣವಾಗಿ ಉದುರಿಹೋಗಿ, ಬೇಸರದಿಂದ ಕೂಡಿದ ತಾಳ್ಮೆಯೊಂದೇ ಉಳಿಯಿತು. ಮಮ್ಮಟಾದಿಗಳು ರೂಢಿಲಕ್ಷಣೆಗೆ ‘ಕುಶಲ’ ಶಬ್ದವನ್ನು ಉದಾಹರಿಸುತ್ತಾರೆ. ದರ್ಭೆಯನ್ನು ಕೊಯ್ಯುವವನೆಂಬ ಅರ್ಥ ಮರೆಯಾಗಿ ನಿಪುಣನೆಂಬುದೇ ನಿಂತಂತೆ, ಜೇಬೂ ಒರೆಯೂ ಮರೆಯಾಗಿ ಸಹನೆಯೇ ನಿಂತಿದೆ.

ಈ ಬದಲಾವಣೆಯ ಹಿಂದೆ ಸಮಾಜದ ಬದಲಾವಣೆಯೂ ಇದೆ. ಅಪಮಾನಕ್ಕೆ ದ್ವಂದ್ವಯುದ್ಧವೇ ಉತ್ತರವೆಂದು ನಂಬಿದ್ದ ವರ್ಗದ ಬಾಯಲ್ಲಿ ‘ಪುಟ್ ಅಪ್’ ಎಂಬುದು ಕಳಂಕಸೂಚಕವಾಗಿತ್ತು. ಇಂಗ್ಲೆಂಡಿನಲ್ಲಿ ಪ್ರಾಣಹಾನಿಯಾದ ಕೊನೆಯ ದ್ವಂದ್ವಯುದ್ಧ ನಡೆದದ್ದು ೧೮೫೨ರಲ್ಲಿ. ನ್ಯಾಯಾಲಯವೂ ನೆರೆಹೊರೆಯ ಮರ್ಯಾದೆಯೂ ಕತ್ತಿಯ ಸ್ಥಾನವನ್ನು ಆಕ್ರಮಿಸಿದ ಸಮಾಜದಲ್ಲಿ ತಾಳ್ಮೆಗೆ ಕಳಂಕ ಅಂಟುವುದಿಲ್ಲ. ನಿಂದೆಯ ಮಾತು ನಿತ್ಯಜೀವನದ ಮಾತಾಯಿತು.

೬

ಈ ಪದಪುಂಜ ವ್ಯಾಕರಣದ ಒಂದು ವಾದದಲ್ಲಿಯೂ ಹೆಸರುಗಳಿಸಿದೆ. ವಾಕ್ಯವನ್ನು ‘ಪ್ರೆಪೊಸಿಷನ್’ನಿಂದ ಮುಗಿಸಬಾರದೆಂಬ ವಿಧಿಯನ್ನು ಡ್ರೈಡನ್ ಪ್ರತಿಪಾದಿಸಿ, ೧೬೬೮ರಲ್ಲಿ ತಾನೇ ಪ್ರಕಟಿಸಿದ ನಾಟಕಕಾವ್ಯಪ್ರಬಂಧವನ್ನು ೧೬೮೪ರ ಮುದ್ರಣಕ್ಕೆ ತಿದ್ದುವಾಗ ಅಂತಹ ವಾಕ್ಯಗಳನ್ನು ಮಾರ್ಪಡಿಸಿದನು. ೧೭೬೨ರಲ್ಲಿ ವ್ಯಾಕರಣ ಬರೆದ ಲೌತ್, ಇದು ಇಂಗ್ಲಿಷಿನ ಜಾಯಮಾನಕ್ಕೆ ಸೇರಿದ್ದೆಂದು ಒಪ್ಪಿಯೂ ಗಂಭೀರ ಶೈಲಿಗೆ ಇನ್ನೊಂದೇ ಮೇಲೆಂದನು. ೧೯೨೬ರಲ್ಲಿ ಫೌಲರ್ ಈ ವಿಧಿಯನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದನು. ಇದನ್ನು ಅಣಕಿಸಲು ಹುಟ್ಟಿದ ಒಂದು ಚತುರೋಕ್ತಿಯಲ್ಲಿ ಕಛೇರಿಯ ಟಿಪ್ಪಣಿಯೊಂದರ ಲೇಖಕನು ತನ್ನ ವಾಕ್ಯವನ್ನು ತಿದ್ದಿದ ಪಂಡಿತಂಮನ್ಯನಿಗೆ ಉತ್ತರವಾಗಿ ‘ಅಪ್’ ಮತ್ತು ‘ವಿತ್’ ಎರಡನ್ನೂ ಮುಂದಕ್ಕೆಳೆದು, ‘ಪುಟ್’ ಒಂದನ್ನೇ ಕೊನೆಯಲ್ಲಿ ನಿಲ್ಲಿಸುತ್ತಾನೆ. ಇದನ್ನು ಚರ್ಚಿಲ್ಲನ ಹೆಸರಿಗೆ ಸೇರಿಸುವುದು ವಾಡಿಕೆ. ಆದರೆ ೧೯೪೨ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ರೂಪದಲ್ಲಿ ಅವನ ಹೆಸರಿಲ್ಲ.

ಹಾಸ್ಯವೇನೋ ಚೆನ್ನಾಗಿದೆ, ವಾದವಾಗಿ ನೋಡಿದರೆ ಇದರಲ್ಲಿ ಒಂದು ಕೈಚಳಕವಿದೆ. ಪಂಡಿತರ ವಿಧಿ ಮುಂದಕ್ಕೆ ತರಬೇಕೆನ್ನುವುದು ‘ವಿತ್’ ಒಂದನ್ನೇ. ‘ಅಪ್’ ಇಲ್ಲಿ ಪ್ರೆಪೊಸಿಷನ್ನೇ ಅಲ್ಲ. ಅದು ಧಾತುವಿಗೆ ಬೆಸೆದ ಕ್ರಿಯಾವಿಶೇಷಣ. ಎಳೆಯಬಾರದ ಅಂಗವನ್ನು ಎಳೆದುದರಿಂದಲೇ ವಾಕ್ಯ ಕುರೂಪವಾಯಿತು. ಆದುದರಿಂದ ಈ ಚತುರೋಕ್ತಿ ವಿಧಿಯ ಅಸಂಬದ್ಧತೆಯನ್ನು ಸಾಧಿಸುವುದಕ್ಕಿಂತ ಹೆಚ್ಚಾಗಿ, ಪದಪುಂಜದ ಕೀಲು ಎಲ್ಲಿದೆಯೆಂಬುದನ್ನು ತೋರಿಸುತ್ತದೆ. ‘ಪುಟ್’ ಮತ್ತು ‘ಅಪ್’ ನಡುವೆ ಕೀಲಿಲ್ಲ, ಬೆಸುಗೆಯಿದೆ. ಕೀಲಿರುವುದು ‘ಅಪ್’ ಮತ್ತು ‘ವಿತ್’ ನಡುವೆ. ಮೇಲೆ ಹೇಳಿದ ಇತಿಹಾಸವೂ ಇದನ್ನೇ ಸಮರ್ಥಿಸುತ್ತದೆ: ಮೊದಲಿನ ಎರಡು ಅವಯವಗಳು ಮೊದಲೇ ಕೂಡಿದ್ದುವು, ಮೂರನೆಯದು ಆಮೇಲೆ ಬಂದು ಸೇರಿತು.

ಭಾರತದ ಇಂಗ್ಲಿಷಿನಲ್ಲಿ ‘ಪುಟ್ ಅಪ್’ ಎಂಬುದಕ್ಕೆ ಬೇರೆ ಎರಡು ಜೀವನಗಳು ದೊರೆತಿರುವುದನ್ನೂ ಇಲ್ಲಿ ಸೂಚಿಸಬಹುದು. ಕುದುರೆಯನ್ನು ಲಾಯಕ್ಕೆ ಸೇರಿಸುವ ಅರ್ಥದಿಂದ ಪ್ರಯಾಣಿಕನೇ ಛತ್ರದಲ್ಲಿ ತಂಗುವ ಅರ್ಥ ಹುಟ್ಟಿತು. ಇಂಗ್ಲೆಂಡಿನಲ್ಲಿ ಅದು ತಾತ್ಕಾಲಿಕ ವಸತಿಗೆ ಮಾತ್ರ ಸಲ್ಲುತ್ತದೆ. ನಮ್ಮಲ್ಲಿ ಹತ್ತು ವರ್ಷಗಳಿಂದ ಮಲ್ಲೇಶ್ವರದಲ್ಲಿ ಮನೆಮಾಡಿಕೊಂಡಿರುವವರನ್ನೂ ‘ಎಲ್ಲಿ ಪುಟ್ ಅಪ್ ಆಗಿದ್ದೀರಿ’ ಎಂದು ಕೇಳುವುದುಂಟು. ಸರಕಾರಿ ಕಛೇರಿಗಳಲ್ಲಿ ಕಡತವನ್ನು ಮೇಲಧಿಕಾರಿಯ ಆದೇಶಕ್ಕೆ ಕಳುಹಿಸುವುದೂ ‘ಪುಟ್ ಅಪ್’. ಅಲ್ಲಿ ‘ಅಪ್’ ಎಂಬುದು ಅಧಿಕಾರದ ಮೆಟ್ಟಲುಗಳನ್ನು ಏರುವ ತನ್ನ ಹಳೆಯ ದಿಕ್ಕನ್ನು ಮರಳಿ ಪಡೆದಿದೆ. ಇ‍ದಕ್ಕೆ ಕನ್ನಡ ಆಡಳಿತಭಾಷೆ ‘ಮಂಡಿಸು’ ಎಂಬ ಸೊಗಸಾದ ಪದವನ್ನು ನೆಲೆಗೊಳಿಸಿದೆ.

೭

ಕಡೆಯದಾಗಿ ಭಾಷಾಂತರದ ಪ್ರಶ್ನೆ. ನೋವನ್ನು ಒಳಗೆ ಸೇರಿಸಿಕೊಳ್ಳುವ ಚಿತ್ರ ಇಂಗ್ಲಿಷಿಗೆ ಮಾತ್ರ ಸೇರಿದ್ದಲ್ಲ. ‘ಸ್ಟಮಕ್’ ಎಂಬ ಹೊಟ್ಟೆಯ ಹೆಸರೇ ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ, ಮೊದಲು ‘ಸಿಟ್ಟಿಗೇಳು’ ಎಂಬ ಅರ್ಥದಲ್ಲಿದ್ದು, ೧೭ನೆಯ ಶತಮಾನದಲ್ಲಿ ‘ಅರಗಿಸಿಕೊಳ್ಳು, ತಾಳು’ ಎಂಬ ವಿರುದ್ಧಾರ್ಥಕ್ಕೆ ಹೊರಳಿತು. ಷೇಕ್ಸ್‌ಪಿಯರನ ‘ಆಂಟನಿ ಅಂಡ್ ಕ್ಲಿಯೋಪಾತ್ರ’ದಲ್ಲಿ ಅದು ಹಳೆಯ ಅರ್ಥದಲ್ಲಿಯೇ ಇದೆ. ಕನ್ನಡದಲ್ಲಿ ‘ಹೊಟ್ಟೆಗೆ ಹಾಕಿಕೊಳ್ಳು’ ಎಂಬ ಪಡೆನುಡಿ ಸರ್ವವಿದಿತ. ರಚನೆಯ ದೃಷ್ಟಿಯಿಂದ ಇದು ‘ಪುಟ್ ಅಪ್’ಗೆ ಅತ್ಯಂತ ಸಮೀಪದ ಬಂಧು: ‘ಹಾಕು’ ಎಂಬುದು ‘ಪುಟ್’ನ ಕೆಲಸವನ್ನೂ, ‘ಕೊಳ್ಳು’ ಎಂಬುದು ತನ್ನೊಳಗೆ ಎಂಬ ಭಾವವನ್ನೂ ಕೊಡುತ್ತವೆ. ಆದರೆ ಭಾವದಲ್ಲಿ ಎರಡಕ್ಕೂ ಅಜಗಜಾಂತರ. ಕಿರಿಯರ ತಪ್ಪನ್ನು ಹಿರಿಯರು, ಮಕ್ಕಳ ತಪ್ಪನ್ನು ತಾಯಿ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಹಾಗೆ ಮಾಡಿದವರ ದೊಡ್ಡತನ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಹೊಟ್ಟೆಗೆ ಹೋದದ್ದು ಅರಗಿಹೋಗುತ್ತದೆ; ಜೇಬಿಗೆ ಹೋದದ್ದು ಹಾಗೆಯೇ ಉಳಿಯುತ್ತದೆ. ಆದಕಾರಣ ಸ್ಯಾಟರ್ನೈನಸ್ಸನ ಬಾಯಲ್ಲಿ ‘ಹೊಟ್ಟೆಗೆ ಹಾಕಿಕೊಳ್ಳಲೇ’ ಎಂದು ಬರೆದರೆ ಅವನನ್ನು ಔದಾರ್ಯದ ಅಂಚಿನಲ್ಲಿ ನಿಲ್ಲಿಸಿದಂತಾಗುತ್ತದೆ. ಅಲ್ಲಿ ‘ನುಂಗಿಕೊಂಡು ತೆಪ್ಪಗಿರಲೇ’ ಎಂಬುದು ಹೆಚ್ಚು ಹೊಂದುತ್ತದೆ. ‘ನುಂಗಿಕೊಳ್ಳು’ ಎಂಬುದರಲ್ಲಿ ಅಸಹಾಯಕತೆಯ ಕಹಿ ಉಳಿದಿದೆ. ರಾಡರಿಗೋವಿನ ಮಾತಿಗೆ ‘ಕೇಳದೆ ಬಿಟ್ಟುಬಿಡು’ ಎಂಬ ಲೆಕ್ಕದ ಮಾತೇ ಸರಿ. ಇಂದಿನ ಇಂಗ್ಲಿಷಿನ ‘ಪುಟ್ ಅಪ್ ವಿತ್’ಗೆ ‘ಸಹಿಸಿಕೊಳ್ಳು’ ಧಾರಾಳವಾಗಿ ಸಾಕು. ಆಡುಮಾತಿನಲ್ಲಾದರೆ ‘ಹೇಗೋ ತಡೆದುಕೊಳ್ಳು’ ಎಂಬುದು ಇನ್ನೂ ಹತ್ತಿರ.

ಇಂತಹ ಪದಪುಂಜಗಳನ್ನು ಪಟ್ಟಿಮಾಡಿ, ಪ್ರತಿಯೊಂದಕ್ಕೂ ಒಂದೊಂದು ಸಮಾನಾರ್ಥವನ್ನು ಬಾಯಿಪಾಠಮಾಡಿಸುವುದು ಪರೀಕ್ಷೆಗೆ ಅನುಕೂಲವಾಗಬಹುದು. ಪ್ರಾಚೀನ ಪಠ್ಯವನ್ನು ಓದಿಸುವಾಗ ಅಧ್ಯಾಪಕರು ಅಷ್ಟಕ್ಕೇ ನಿಲ್ಲದೆ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಒಳ್ಳೆಯದು. ಕ್ರಿಯಾಪದಕ್ಕೆ ಕರ್ಮವಾಗಿರುವುದು ಯಾವುದು? ಅದು ನೇರವಾಗಿ ಬಂದಿದೆಯೋ, ಅವ್ಯಯವನ್ನು ನಡುವೆ ಇಟ್ಟುಕೊಂಡು ಬಂದಿದೆಯೋ? ಆಡಿದ ಪಾತ್ರಕ್ಕೆ ಆ ಮಾತು ಹೊಗಳಿಕೆಯೋ ನಿಂದೆಯೋ? ಈ ಮೂರಕ್ಕೆ ಉತ್ತರ ಹುಡುಕುವಷ್ಟರಲ್ಲಿ ನಿಘಂಟಿನ ಪುಟದಲ್ಲಿ ದೊರೆಯದ ಅರ್ಥ ಸನ್ನಿವೇಶದಿಂದಲೇ ಹೊಳೆಯುತ್ತದೆ. ‘ಪುಟ್ ಅಪ್’ ಎಂಬ ಎರಡು ಪುಟ್ಟ ಪದಗಳನ್ನು ಹೀಗೆ ಬಿಡಿಸಿ ನೋಡಿದ ವಿದ್ಯಾರ್ಥಿಗೆ ಟಮೋರಾಳ ಪಿಸುಮಾತೂ ರಾಡರಿಗೋವಿನ ಅಳಲೂ ಬೇರೆಯಾಗಿ ಕೇಳಿಸುವುದರಲ್ಲಿ ಸಂದೇಹವಿಲ್ಲ.